ಮೊಬೈಲಲ್ಲಿ ಎರಡೂ ಒಂದೇ ಹಸಿರು

ಹೋದ ವರ್ಷ ಮೇ ತಿಂಗಳಲ್ಲಿ ಒಂದು ರಾತ್ರಿ ಬೆಂಗಳೂರಿನ ಮನೇಲಿ ನಿದ್ದೆ ಬರದೆ ಮೊಬೈಲಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ನಮ್ಮೂರು ಹುಡುಕ್ತಾ ಕೂತಿದ್ದೆ. ಊರು ಬಿಟ್ಟು ಬಂದವರು ಸುಮಾರು ಜನ ಹೀಗೆ ಮಾಡ್ತಾರೆ ಅನ್ಸುತ್ತೆ. ಉತ್ತರ ಕನ್ನಡದ ಸಿದ್ದಾಪುರ ಪೇಟೆ ಸಿಕ್ತು, ಅಲ್ಲಿಂದ ಘಟ್ಟದ ಕಡೆ ಬೆರಳು ಎಳೀತಾ ಹೋದೆ, ನಮ್ಮ ತೋಟದ ಪಟ್ಟಿ ಸಿಕ್ತು, ಮನೆ ಮಾಡು ಒಂದು ಕೆಂಪು ಚುಕ್ಕೆ ಹಾಗೆ ಕಾಣ್ತು. ಆಮೇಲೆ ಹಳ್ಳದ ಈಚೆಗಿರೋ ಅಕೇಶಿಯಾ ಪ್ಲಾಂಟೇಶನ್ ಎಲ್ಲಿ ಮುಗಿಯುತ್ತೆ, ಆಚೆಗಿರೋ ಕಾನು, ಅಂದ್ರೆ ಹಳೇ ದಟ್ಟ ಕಾಡು, ಎಲ್ಲಿ ಶುರುವಾಗುತ್ತೆ ಅಂತ ನೋಡೋಕೆ ಹೋದ್ರೆ ಗೊತ್ತೇ ಆಗ್ಲಿಲ್ಲ. ಜೂಮ್ ಮಾಡಿದೆ, ಮತ್ತೆ ಮಾಡಿದೆ, ಚಿತ್ರ ಮಸುಕಾಯ್ತೇ ಹೊರತು ಗೆರೆ ಕಾಣ್ಲಿಲ್ಲ. ಎರಡೂ ಒಂದೇ ಹಸಿರು. ಚಿಕ್ಕಂದಿನಲ್ಲಿ ಕಣ್ಣು ಕಟ್ಟಿ ಬಿಟ್ಟಿದ್ರೂ ಕಾಲಡಿ ತಂಪು ಬದಲಾಗಿದ್ದರಲ್ಲೇ ಎಲ್ಲಿದೀನಿ ಅಂತ ಹೇಳ್ತಿದ್ದ ಜಾಗ ಅದು.

ಅವತ್ತಿಂದ ಇದು ತಲೇಲಿ ಕೊರೀತಾನೇ ಇದೆ. ಯಾಕಂದ್ರೆ ಆ ಮ್ಯಾಪ್ ನೋಡೋದು ನಾನೊಬ್ಬನೇ ಅಲ್ಲ, ಸರಕಾರದ ಲೆಕ್ಕಾನೂ ಹೆಚ್ಚುಕಮ್ಮಿ ಹಾಗೇ ಮೇಲಿಂದಲೇ ನಡೆಯೋದು. ಭಾರತೀಯ ಅರಣ್ಯ ಸಮೀಕ್ಷೆಯವರು ಎರಡು ವರ್ಷಕ್ಕೊಂದ್ಸಲ ವರದಿ ಕೊಡ್ತಾರಲ್ಲ, ಅದರಲ್ಲಿ ಒಂದು ಹೆಕ್ಟೇರು ಅಥವಾ ಅದಕ್ಕಿಂತ ಜಾಸ್ತಿ ಜಾಗ ಇದ್ದು, ಮರದ ನೆತ್ತಿ ಆ ಜಾಗದ 10%ಗಿಂತ ಜಾಸ್ತಿ ಮುಚ್ಚಿದ್ರೆ ಅದು ಅರಣ್ಯ ಹೊದಿಕೆ. ಯಾರ ಜಾಗ, ಯಾವ ಮರ, ಎಷ್ಟು ವರ್ಷದ ಮರ ಅಂತ ಆ ಲೆಕ್ಕ ಕೇಳೋದಿಲ್ಲ. 70% ದಾಟಿದ್ರೆ ಅತಿ ದಟ್ಟ ಅರಣ್ಯ ಅಂತಾರೆ. ಹೊದಿಕೆ ಇಷ್ಟು ಚದರ ಕಿಲೋಮೀಟರ್ ಜಾಸ್ತಿ ಆಯ್ತು ಅಂತ ಪೇಪರಲ್ಲಿ ಬಂದಾಗೆಲ್ಲ ನಂಗೆ ಖುಷಿಗಿಂತ ಮೊದಲು ಆ ಗೆರೆ ನೆನಪಾಗುತ್ತೆ. ಮ್ಯಾಪಲ್ಲಿ ಕಾಣದೆ ಇರೋ ಆ ಗೆರೆ ನಮ್ಮೂರ ಕಾನಲ್ಲಿರೋ ಕಪ್ಪು ಮಂಗ ಸಿಂಗಳೀಕಕ್ಕೆ ಚೆನ್ನಾಗಿ ಗೊತ್ತು. ಅದು ಹಳ್ಳದ ಆಚೆ ತನಕ ಬರುತ್ತೆ, ಈಚೆ ಬರೋದಿಲ್ಲ.

ವಯಸ್ಸೇ ಆಗದ ಮರಗಳು

ನಮ್ಮನೆ ಹತ್ತಿರದ ಪ್ಲಾಂಟೇಶನ್ ನೆಟ್ಟಿದ್ದು 1987ರಲ್ಲಿ, ನಾನು ಹುಟ್ಟಿದ ವರ್ಷ. ಅದಕ್ಕೆ ಮುಂಚೆ ಅಲ್ಲಿ ದನ ಮೇಯೋ ಬೇಣ ಇತ್ತಂತೆ, ಅಲ್ಲೊಂದು ಇಲ್ಲೊಂದು ನೇರಳೆ, ಮತ್ತಿ ಮರ, ಕೌಳಿ ಮಟ್ಟಿ. ಎಂಬತ್ತರ ದಶಕದಲ್ಲಿ ಉತ್ತರ ಕನ್ನಡ, ಶಿವಮೊಗ್ಗ ಕಡೆ ಎಲ್ಲೆಲ್ಲಿ ಬೋಳು ಕಾಣ್ತೋ ಅಲ್ಲೆಲ್ಲ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಬಂತು. ಆ ಕಾಲಕ್ಕೆ ಅದರ ಹಿಂದೆ ಒಂದು ಕಾರಣಾನೂ ಇತ್ತು, ಜನ ಸೌದೆಗೆ ಕಾಡಿಗೆ ಹೋಗೋದು ತಪ್ಪಲಿ, ಗುಡ್ಡ ಬೋಳಾಗಿರೋದು ಬೇಡ ಅಂತ. ಅದನ್ನ ನೆಟ್ಟವರು ಕೆಟ್ಟವರು ಅಂತ ನಾನು ಹೇಳಲ್ಲ, ನಮ್ಮನೆ ಒಲೆಗೂ ಎಷ್ಟೋ ವರ್ಷ ಅದೇ ಸೌದೆ ಉರಿದಿದೆ. ಆದ್ರೆ ಆ ಪ್ಲಾಂಟೇಶನ್‌ಗೆ ನನ್ನಷ್ಟು ವಯಸ್ಸಾಗಿಲ್ಲ. ಇಷ್ಟರಲ್ಲಿ ಎರಡು ಸಲ ಕಡಿದು ಲಾರಿಗೆ ಹಾಕಿ ಮತ್ತೆ ನೆಟ್ಟಿದಾರೆ. ಅದು ಯಾವತ್ತೂ ಹದಿನೈದು ವರ್ಷ ದಾಟಿಲ್ಲ, ದಾಟೋಕೆ ಯಾರೂ ಬಿಡೋದೂ ಇಲ್ಲ.

ಒಳಗೆ ಹೋದ್ರೆ ಕಾಲಡಿ ಒಣ ಎಲೆ ಚರಚರ ಅನ್ನುತ್ತೆ, ಬೇಗ ಕೊಳೆಯದೆ ಇರೋ ದಪ್ಪ ಎಲೆ, ಅದರಡಿ ಹುಲ್ಲು ಕೂಡ ಸರಿಯಾಗಿ ಬರಲ್ಲ. ಎಲ್ಲಾ ಮರಗಳೂ ಒಂದೇ ಎತ್ತರ, ಒಂದೇ ದಪ್ಪ, ಸಾಲಲ್ಲಿ ನಿಂತಿರುತ್ತವೆ. ಸಾಮಾನ್ಯ ಮಂಗ ಒಮ್ಮೊಮ್ಮೆ ಹಾದು ಹೋಗುತ್ತೆ, ನವಿಲು ಓಡಾಡುತ್ತೆ, ಹಂದಿ ಬಂದು ಮಲಗಿದ್ದೂ ಇದೆ. ಖಾಲಿ ಅಂತ ಹೇಳಿದ್ರೆ ತಪ್ಪಾಗುತ್ತೆ. ಆದ್ರೆ ಮರದ ಮೇಲೆ, ಅಂದ್ರೆ ಮರದ ಮೇಲೇ ಹುಟ್ಟಿ ಅಲ್ಲೇ ಉಂಡು ಅಲ್ಲೇ ಸಾಯೋ ಪ್ರಾಣಿ ಒಂದೂ ಇಲ್ಲ. ಕೆಂದಳಿಲಿನ ಗೂಡು ಒಂದೇ ಒಂದು ನಾನು ಅಲ್ಲಿ ನೋಡಿಲ್ಲ. ಹಳ್ಳ ದಾಟಿ ಕಾನಿಗೆ ಹೋದ್ರೆ ಕತ್ತೆತ್ತಿದ ಕಡೆ ಗೂಡು, ಎಲೆ ಕಡ್ಡಿ ಸೇರಿಸಿ ಕಟ್ಟಿದ ದೊಡ್ಡ ಉಂಡೆ, ಒಂದೇ ಅಳಿಲಿಗೆ ಅಂಥವು ಮೂರು ನಾಲ್ಕು ಇರುತ್ತವೆ. ಎರಡರ ನಡುವಿನ ಹಳ್ಳಾನ ನಾವು ಬೇಸಿಗೇಲಿ ಹತ್ತು ಹೆಜ್ಜೇಲಿ ದಾಟ್ತೀವಿ.

ಉಪ್ಪಾಗೆ ಮರದ ಕೆಳಗೆ

1998ರ ಜುಲೈ ಇರಬೇಕು, ನಂಗೆ ಹನ್ನೊಂದು. ಆ ವರ್ಷಗಳಲ್ಲಿ ನಮ್ಮ ಕಡೆ ಉಪ್ಪಾಗೆ ಅನ್ನೋ ಹುಳಿ ಕಾಯಿ ಅಂದ್ರೆ ದುಡ್ಡು. ಮೊದಲು ಅದರ ಬೀಜದಿಂದ ತುಪ್ಪ ತೆಗೀತಿದ್ರು, ಒಣಗಿಸಿದ ಸಿಪ್ಪೆ ಕೇರಳಕ್ಕೆ ಮೀನು ಸಾರಿನ ಹುಳಿಗೆ ಹೋಗ್ತಿತ್ತು, ತೊಂಬತ್ತರ ದಶಕದಲ್ಲಿ ಆ ಸಿಪ್ಪೆಯಿಂದ ಬೊಜ್ಜು ಇಳಿಸೋ ಔಷಧಿ ಮಾಡ್ತಾರೆ ಅಂತಾಗಿ ವಿದೇಶದಿಂದ ಬೇಡಿಕೆ ಬಂತು, ರೇಟು ಏರ್ತಾ ಹೋಯ್ತು. ಮಳೆ ಎಷ್ಟೇ ಹೊಡೀಲಿ, ಮನೆಗೊಬ್ಬರು ಕಾನಿಗೆ ಹೋಗೋರೇ. ಹಣ್ಣಾಗೋ ತನಕ ಕಾದ್ರೆ ಬೇರೆಯವರು ಕೊಯ್ದುಕೊಂಡು ಹೋಗ್ತಾರೆ ಅಂತ ಕಾಯಿ ಇರುವಾಗಲೇ ಕೆಡವ್ತಿದ್ರು, ಕೆಲವರು ಕೊಂಬೇನೇ ಕಡೀತಿದ್ರು, ಅದನ್ನ ಒಣಗಿಸೋಕೆ ರಾತ್ರಿ ಹಗಲು ಒಲೆ ಉರೀಬೇಕು, ಅದಕ್ಕೆ ಸೌದೆ ಮತ್ತೆ ಅದೇ ಕಾಡಿಂದ. ನಮ್ಮನೇಲೂ ಹೊಗೆ ತುಂಬಿ ಕಣ್ಣು ಬಿಡೋಕೆ ಆಗ್ತಿರಲಿಲ್ಲ, ಶಾಲೆ ಯೂನಿಫಾರಂ ಎಲ್ಲಾ ಉಪ್ಪಾಗೆ ಹೊಗೆ ವಾಸನೆ.

ದೊಡ್ಡಪ್ಪ ಕಂಬಳಿ ಕೊಪ್ಪೆ ಹಾಕ್ಕೊಂಡು ದೋಟಿ ಹಿಡಿದು ಮುಂದೆ, ನಾನು ಹೆಡಿಗೆ ಹೊತ್ಕೊಂಡು ಹಿಂದೆ. ಕಾನೊಳಗೆ ಮಳೆ ನಿಂತ ಮೇಲೂ ಅರ್ಧ ಗಂಟೆ ಮಳೆ ಬರ್ತಾನೇ ಇರುತ್ತೆ, ಮೇಲಿನ ಎಲೆಯಿಂದ ಕೆಳಗಿನ ಎಲೆಗೆ ತಟ್ ತಟ್ ಅಂತ. ಕಾಲಿಗೆ ಹತ್ತಿದ ಉಂಬಳ ಕೀಳೋಕೆ ಬಗ್ಗಿದೀನಿ, ಬೆನ್ನ ಮೇಲೆ ಏನೋ ಬಿತ್ತು. ಉಪ್ಪಾಗೆ ಸಿಪ್ಪೆ, ಒಂದು ಹೋಳು, ಹಸಿಯಾಗಿ ಹಲ್ಲಿನ ಗುರುತು ಇನ್ನೂ ಅದರ ಮೇಲಿತ್ತು. ದೊಡ್ಡಪ್ಪ ಮೆಲ್ಲಗೆ, “ತಮಾ, ಹಂದಾಡಡ” ಅಂದ, ಅಲ್ಲಾಡಬೇಡ ಅಂತ. ನಿಧಾನಕ್ಕೆ ತಲೆ ಎತ್ತಿ ನೋಡಿದೆ. ಮೊದಲು ಬರೀ ಎಲೆ. ಆಮೇಲೆ ಎಲೆ ನಡುವೆ ಒಂದು ಕಪ್ಪು ಮುಖ, ಸುತ್ತ ಬೂದು ಬಿಳಿ ಕೂದಲು, ಹಳೇ ಅಜ್ಜನ ಗಡ್ಡ ಎರಡೂ ಕಡೆಯಿಂದ ಮೇಲೆ ಹತ್ತಿ ತಲೆ ಸುತ್ತಿ ಬಂದ ಹಾಗೆ. ಅದು ನನ್ನ ಕಡೆ ನೋಡಿ ಹೆದರ್ಲೂ ಇಲ್ಲ, ಹಲ್ಲು ಕಿರೀಲೂ ಇಲ್ಲ. ಎರಡು ಕೈಯಲ್ಲಿ ಕಾಯಿ ಹಿಡಿದು ಹಲ್ಲಲ್ಲಿ ಸೀಳ್ತು, ಒಳಗಿನ ಬಿಳಿ ತಿರುಳು ಬೀಜ ಎಲ್ಲಾ ಬೆರಳಲ್ಲಿ ಬಿಡಿಸಿ ಬಾಯಿಗೆ ಹಾಕ್ಕೊಂಡು ಗಲ್ಲದ ಚೀಲದಲ್ಲಿ ತುಂಬಿಕೊಳ್ತು, ಸಿಪ್ಪೆ ಕೈ ಬಿಡ್ತು. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣೋಕೆ ಶುರುವಾಯ್ತು. ಅಲ್ಲೊಂದು ಬಾಲ ನೇತಾಡ್ತಿದೆ, ತುದೀಲಿ ಪುಟ್ಟ ಕುಚ್ಚು. ಇಲ್ಲೊಂದು ತಾಯಿ ಹೊಟ್ಟೆಗೆ ಮರಿ ಅಂಟಿಕೊಂಡಿದೆ, ಮರಿ ಮುಖ ಕಪ್ಪಿಲ್ಲ, ಗಡ್ಡಾನೂ ಇಲ್ಲ. ಒಂದು ಮುದಿ ಗಂಡು ಮೇಲಿನ ಕವಲಲ್ಲಿ ಕೂತು ಒಂದ್ಸಲ ಕೂಗ್ತು, ದೂರದ ಗದ್ದೆಯಿಂದ ಯಾರೋ ಆಳು ಕರೆದ ಹಾಗೆ ಕೇಳ್ತು, ನಾನು ತಿರುಗಿ ನೋಡಿದ್ದೆ.

ಅವು ಹೋದ ಮೇಲೆ ಕೆಳಗೆ ಬಿದ್ದಿದ್ದ ಸಿಪ್ಪೇನೆಲ್ಲ ದೊಡ್ಡಪ್ಪ ಆರಿಸಿ ಹೆಡಿಗೆಗೆ ಹಾಕಿದ. ಒಳಗಿಂದು ಅವ್ಕೆ, ಸಿಪ್ಪೆ ನಂಗಕ್ಕೆ ಅಂದ. ಅದೇ ದಿನ ಹಳ್ಳದ ದಂಡೆ ಮೇಲಿರೋ ನಾಲ್ಕು ಮರ ತೋರಿಸಿ, ಇವನ್ನ ನಾವು ದೋಟಿ ಹಾಕಿ ಮುಟ್ಟೋದಿಲ್ಲ, ಬಿದ್ದಿದ್ದು ಮಾತ್ರ ಆರಿಸೋದು ಅಂತ ಹೇಳ್ದ. ಯಾರೂ ಅವನಿಗೆ ಇದನ್ನ ಹೇಳಿಕೊಟ್ಟಿರಲಿಲ್ಲ. ಆಗ ಸಿಂಗಳೀಕ ಅಳಿವಿನಂಚಲ್ಲಿದೆ, ಪಶ್ಚಿಮ ಘಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಲ್ಲಿ ಇಲ್ಲ ಅಂತ ನಮ್ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಜಾತಿ ಮಂಗ, ತೋಟಕ್ಕೆ ಬಂದು ಹಾಳು ಮಾಡದೆ ಇರೋ ಮಂಗ, ಅಷ್ಟೇ ಗೊತ್ತಿದ್ದಿದ್ದು.

ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ ಅವರು ನಮ್ಮ ಶಿರಸಿ-ಹೊನ್ನಾವರ ಕಾಡುಗಳಲ್ಲಿ ತಿರುಗಿ ಎಣಿಸಿದಾಗ 32 ಗುಂಪು, 600ಕ್ಕೂ ಮೇಲೆ ಸಿಂಗಳೀಕ ಸಿಕ್ಕಿದ್ದು ಆಮೇಲೆ. ಅವುಗಳ ನೆಲೆಯ ತೀರಾ ಉತ್ತರದ ತುದಿ ನಮ್ಮದೇ ಸೀಮೆ. ಒಟ್ಟು ಘಟ್ಟದಲ್ಲೇ ನಾಲ್ಕು ಸಾವಿರದೊಳಗೆ ಇರಬಹುದು ಅಂತ ಅಂದಾಜಿರೋ ಪ್ರಾಣಿ, ಅದರಲ್ಲಿ ಇಷ್ಟು ದೊಡ್ಡ ಪಾಲು ನಾವು ದಿನಾ ಓಡಾಡೋ ಕಾನಲ್ಲಿ! ದೊಡ್ಡಪ್ಪಂಗೆ ಪೇಪರ್ ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು, ನಾಲ್ಕು ಮರ ಸಾಲದೇನೋ ಅಂದ.

ಯಾಕೆ ಹಳೇ ಕಾಡೇ ಬೇಕು

ಇದನ್ನ ನಾನು ತುಂಬಾ ಸಲ ಯೋಚನೆ ಮಾಡಿದೀನಿ. ಸಾಮಾನ್ಯ ಮಂಗ ದೇವಸ್ಥಾನದಲ್ಲಿ ಬದುಕುತ್ತೆ, ಬಸ್‌ಸ್ಟ್ಯಾಂಡಲ್ಲಿ ಬದುಕುತ್ತೆ, ಸಿಂಗಳೀಕಕ್ಕೆ ಯಾಕೆ ಆಗಲ್ಲ? ಒಂದು ಕಾರಣ ಅದರ ಹೊಟ್ಟೆಯ ಕ್ಯಾಲೆಂಡರ್. ವರ್ಷದ ಹನ್ನೆರಡು ತಿಂಗಳೂ ಮರದ ಮೇಲೇ ಏನಾದ್ರೂ ಸಿಗ್ತಾ ಇರಬೇಕು. ಮಳೆಗಾಲಕ್ಕೆ ಉಪ್ಪಾಗೆ, ಬೇಸಿಗೆಗೆ ಹಲಸು ಹೆಬ್ಬಲಸು, ನಡುನಡುವೆ ಅತ್ತಿ ಜಾತಿ ಹಣ್ಣು, ಬೈನೆ, ರಾಮಪತ್ರೆ, ಹಣ್ಣಿಲ್ಲದ ದಿನ ತೊಗಟೆ ಸಂದಿಯ ಹುಳ, ಜೇಡ, ಕಪ್ಪೆ. ಒಂದು ಮರ ಒಂದು ವರ್ಷ ಕೈಕೊಟ್ರೆ ಇನ್ನೊಂದು ಇರಬೇಕು. ಅಂದ್ರೆ ಹತ್ತಾರು ಜಾತಿ, ಅದರಲ್ಲೂ ಕಾಯಿ ಬಿಡೋ ವಯಸ್ಸಿಗೆ ಬಂದವು, ಒಂದೇ ಕಡೆ ಬೇಕು. ತಮಿಳುನಾಡಿನ ಆನೆಮಲೆ ಕಡೆ ಒಂದು ಮುಳ್ಳುಕಾಯಿಯ ಮರವೇ ಅವಕ್ಕೆ ಮುಖ್ಯ ಆಹಾರ. ನಮ್ಮ ಕಡೆ ಆ ಮರ ಇಲ್ಲ, ಇಲ್ಲಿಯವು ಬೇರೆ ಮರಗಳನ್ನ ನಂಬಿಕೊಂಡು ಉಳಿದಿವೆ.

ಇನ್ನೊಂದು ಕಾರಣ ಓಡಾಡೋ ದಾರಿ. ನೆಲಕ್ಕಿಳಿಯೋದು ಅವಕ್ಕೆ ಇಷ್ಟ ಇಲ್ಲ, ಕೊಂಬೆಗೆ ಕೊಂಬೆ ತಾಗಿರಬೇಕು. ಕೆಂದಳಿಲಿಗೂ ಅಷ್ಟೇ. ವಾಲ್ಪಾರೈ ಹತ್ತಿರ ಟೀ ಎಸ್ಟೇಟ್ ನಡುವೆ ಉಳಿದ ತುಂಡು ಕಾಡಲ್ಲಿ ಸಿಂಗಳೀಕಗಳು ರಸ್ತೆಗೆ ಇಳಿದು ವಾಹನಕ್ಕೆ ಸಿಕ್ಕಿ ಸಾಯ್ತಾ ಇದ್ವು, ಅಲ್ಲಿಯವರು ರಸ್ತೆ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ರು, ಅವೂ ಅದನ್ನ ಕಲಿತ್ಕೊಂಡ್ವು. ಒಳ್ಳೇ ಕೆಲಸ. ಆದ್ರೆ ಫೋಟೋ ನೋಡಿದಾಗ ನಂಗೆ ಹೊಟ್ಟೆ ಕಲಸಿದ ಹಾಗಾಯ್ತು, ನಮ್ಮ ಕಾನಲ್ಲಿ ಆ ಸೇತುವೆ ಕೆಲಸ ಕೊಂಬೆಗಳೇ ಮಾಡ್ತಿವೆ, ಅದನ್ನ ಯಾರೂ ಕಟ್ಟಬೇಕಾಗಿಲ್ಲ, ಕಡಿಯದೆ ಇದ್ರೆ ಸಾಕು.

ಮೂರನೇದು ನಿಧಾನ. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕೋದು ಆರು ವರ್ಷದ ಆಸುಪಾಸು, ಆಮೇಲೆ ಎರಡು ಮೂರು ವರ್ಷಕ್ಕೊಂದು ಮರಿ. ಗುಂಪಲ್ಲಿ ಹದಿನೈದು ಇಪ್ಪತ್ತು ಇದ್ರೆ ಅದರಲ್ಲಿ ದೊಡ್ಡ ಗಂಡು ಸಾಮಾನ್ಯವಾಗಿ ಒಂದೇ. ಇಂಥ ಪ್ರಾಣಿಗೆ ಒಂದು ದಶಕ ಕೆಟ್ಟರೆ ಅದನ್ನ ಸರಿಮಾಡಿಕೊಳ್ಳೋಕೆ ನಮ್ಮ ಒಂದು ತಲೆಮಾರು ಬೇಕು. ಕಾಡು ಬೆಳೆಯೋ ವೇಗಕ್ಕೇ ಅವುಗಳ ಬದುಕಿನ ವೇಗ ಹೊಂದಿಕೊಂಡಿದೆ ಅನ್ಸುತ್ತೆ.

ಇಲ್ಲೊಂದು ಮಾತು ಹೇಳಲೇಬೇಕು. ಹಳೇ ಕಾಡು ಅಂದ ತಕ್ಷಣ ಮನುಷ್ಯರು ಮುಟ್ಟದ ಕಾಡು ಅಂತ ತಿಳ್ಕೋಬಾರದು. ನಮ್ಮ ಕಾನು ಯಾವತ್ತೂ ಹಾಗಿರಲಿಲ್ಲ. ಕಾಳುಮೆಣಸು, ದಾಲ್ಚಿನ್ನಿ, ರಾಮಪತ್ರೆ, ಬೆತ್ತ ಎಲ್ಲಾ ತಂದಿದೀವಿ, ಕೆಲವು ಕಡೆ ದೇವರ ಹೆಸರಲ್ಲಿ ಕತ್ತಿ ಹಾಕದೆ ಬಿಟ್ಟಿದೀವಿ. ಆಮೇಲೆ ಪ್ಲೈವುಡ್‌ಗೆ ಅಂತ ದೊಡ್ಡ ದೊಡ್ಡ ಮರ ಆರಿಸಿ ಕಡಿದ ಕಾಲ ಬಂತು. 1983ರ ಸೆಪ್ಟೆಂಬರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಿದ್ದು ಅದಕ್ಕೇ. ಪಾಂಡುರಂಗ ಹೆಗಡೆಯವರು ಕಟ್ಟಿದ ಆ ಅಪ್ಪಿಕೋ ಚಳವಳಿಯ ಮಾತು ನಮ್ಮನೆ ಜಗಲೀಲಿ ನಾನು ಹುಟ್ಟೋ ಮೊದಲಿಂದ ನಡೀತಿತ್ತಂತೆ. ಅಲ್ಲಲ್ಲಿ ಮರ ಹೋದ್ರೂ ಕಾನು ಕಾನಾಗೇ ಉಳೀತು, ನಡುವೆ ಬಿಟ್ಟ ಮರಗಳು ತಲೆ ಚಾಚಿ ಜಾಗ ಮುಚ್ಚಿಕೊಂಡ್ವು, ಸಿಂಗಳೀಕಾನೂ ಉಳೀತು. ಅಂದ್ರೆ ಅವು ಸ್ವಲ್ಪ ಸಹಿಸಿಕೊಳ್ಳುತ್ತವೆ. ಆದ್ರೆ ಒಂದು ಹಳೇ ಕಾಡಿನ ಅಸ್ತಿಭಾರ ಇರೋ ತನಕ ಮಾತ್ರ.

ತಾರೆ ಮರ

2014ರ ಜನವರಿಯಲ್ಲಿ ಅಡಿಕೆ ಕೊನೆ ಕೊಯ್ಲಿಗೆ ಅಂತ ಊರಿಗೆ ಹೋಗಿದ್ದೆ. ಊರ ರಸ್ತೆ ಅಗಲ ಮಾಡೋ ಕೆಲಸ ನಡೀತಿತ್ತು. ನಮ್ಮ ತೋಟದ ಮೇಲಿನ ತಿರುವಲ್ಲಿ ಒಂದು ದೊಡ್ಡ ತಾರೆ ಮರ, ನಾಲ್ಕು ಜನ ಕೈ ಹಿಡಿದ್ರೂ ಸುತ್ತೋಕೆ ಆಗದಷ್ಟು ದಪ್ಪ. ಗುತ್ತಿಗೆದಾರರ ಕಡೆಯವರು ಬಂದು ನೋಡಿ, ಮರ ಟೊಳ್ಳು, ಬೀಳೋ ಮರ, ಇದರಿಂದ ಉಪಯೋಗ ಏನೂ ಇಲ್ಲ ಅಂತ ಬರೆದುಕೊಂಡು ಹೋಗಿದ್ರಂತೆ. ನಾನು ಹೋದ ಮೂರನೇ ದಿನ ಬೆಳಿಗ್ಗೆ ಗರಗಸದ ಮಷಿನ್ ಸದ್ದು ಕೇಳ್ತು.

ಮರ ಅರ್ಧ ಕೊಯ್ದಿರುವಾಗ ಮೇಲಿನ ಪೊಟರೆಯಿಂದ ಹಾರುಬೆಕ್ಕು, ಅಂದ್ರೆ ದೊಡ್ಡ ಹಾರುವ ಅಳಿಲು, ಹೊರಗೆ ಬಂತು. ಚಿಕ್ಕಂದಿನಿಂದ ರಾತ್ರಿ ಊಟ ಆದ್ಮೇಲೆ ಅಂಗಳದಲ್ಲಿ ನಿಂತು ಎಷ್ಟೋ ಸಲ ಅದು ಆ ಮರದಿಂದ ತೇಲಿ ಬರೋದು ನೋಡಿದ್ದೆ, ಬೆಳದಿಂಗಳಲ್ಲಿ ಯಾರೋ ಒಂದು ಟವೆಲ್ ಬಿಸಾಕಿದ ಹಾಗೆ, ಸದ್ದೇ ಇಲ್ಲ. ಹಗಲಲ್ಲಿ ನೋಡಿದ್ದು ಅದೇ ಮೊದಲು. ಮೂಗಿಂದ ಬಾಲದ ತುದಿ ತನಕ ಮೂರಡಿ ಹತ್ತಿರ ಇತ್ತು, ಕಣ್ಣು ದೊಡ್ಡದು, ಬಿಸಿಲಿಗೆ ಏನೂ ತಿಳೀತಿಲ್ಲ ಅನ್ನೋ ಹಾಗೆ ಕಾಂಡಕ್ಕೆ ಅಪ್ಪಿಕೊಂಡು ಒಂದು ನಿಮಿಷ ಹಾಗೇ ಇತ್ತು. ಅದು ಹಾರೋದಲ್ಲ, ಎತ್ತರದಿಂದ ಕೆಳಕ್ಕೆ ಜಾರೋದು, ದೂರ ಹೋಗಬೇಕಂದ್ರೆ ಅಷ್ಟು ಎತ್ತರ ಬೇಕು. ಆ ಕಡೆ ಇನ್ನೊಂದು ದೊಡ್ಡ ಮರ ಹಿಂದಿನ ದಿನವೇ ಹೋಗಿತ್ತು. ಅದು ಈ ಕಡೆಗೆ ಜಾರಿ ನಮ್ಮ ಅಡಿಕೆ ಮರಕ್ಕೆ ಬಂದು ಅಂಟಿಕೊಳ್ತು, ಅಡಿಕೆ ಮರದಲ್ಲಿ ಅಡಗೋಕೆ ಎಲ್ಲಿದೆ ಜಾಗ, ಕಾಗೆಗಳು ಸುತ್ತ ಸೇರಿದ್ವು. ನಾವು ಕಲ್ಲು ಹೊಡೆದು ಕಾಗೆ ಓಡಿಸ್ತಾ ಸಂಜೆ ತನಕ ಕೊನೆ ಕೊಯ್ಲು ಬಿಟ್ಟು ಅಲ್ಲೇ ಕೂತಿದ್ವಿ. ಕತ್ತಲಾದ್ಮೇಲೆ ಅದು ಎಲ್ಲಿಗೆ ಹೋಯ್ತೋ ಕಾಣ್ಲಿಲ್ಲ. ಆಮೇಲೆ ನಮ್ಮ ಅಂಗಳದಿಂದ ನಾನು ಹಾರುಬೆಕ್ಕು ನೋಡಿಲ್ಲ.

ಮರುದಿನ ಬಿದ್ದ ಮರದ ಹತ್ತಿರ ಹೋಗಿ ಪೊಟರೆ ನೋಡಿದೆ. ಇದು ನನ್ನ ಕಣ್ಣಿಂದ ಹೋಗೋದೇ ಇಲ್ಲ. ಪೊಟರೆ ಬಾಯಿಯ ಕೆಳ ಅಂಚು ಹಳೇ ಮನೆ ಹೊಸ್ತಿಲಿನ ಹಾಗೆ ಸವೆದು ನುಣುಪಾಗಿತ್ತು, ಕೈ ಆಡಿಸಿದ್ರೆ ಎಣ್ಣೆ ಹಚ್ಚಿದ ಹಾಗೆ ಜಾರ್ತಿತ್ತು. ಸುತ್ತ ತೊಗಟೆ ಮೇಲೆ ಉಗುರಿನ ಗೀರು, ಹಳೇ ಗೀರಿನ ಮೇಲೆ ಹೊಸ ಗೀರು. ಒಳಗೆ ಕೈ ಹಾಕಿದ್ರೆ ನಾರು, ಒಣ ಎಲೆ, ತೊಗಟೆ ಪುಡಿ ಒಂದು ಗೇಣು ದಪ್ಪ, ಕೆಳಗಿನದು ಮಣ್ಣಾಗಿತ್ತು, ಮೇಲಿನದು ಇನ್ನೂ ಬೆಚ್ಚಗಿರಬಹುದೇನೋ ಅನ್ನೋಷ್ಟು ಮೆತ್ತಗೆ. ಒಂದು ಜೀವ ಒಂದು ವರ್ಷ ಓಡಾಡಿ ಸವೆಸಿದ ಹೊಸ್ತಿಲಲ್ಲ ಅದು. ಅಜ್ಜಿ, ಅಮ್ಮ, ಮಗಳು ಅಂತ ಎಷ್ಟು ತಲೆಮಾರು ಆ ಮನೇಲಿದ್ವೋ.

ಆ ಮರದಲ್ಲಿ ಅಂಥ ಪೊಟರೆ ಆಗೋಕೆ ಮೊದಲು ಮರ ದೊಡ್ಡದಾಗಬೇಕು. ಆಮೇಲೆ ಒಂದು ಗಾಳಿಗೆ ದಪ್ಪ ಕೊಂಬೆ ಮುರೀಬೇಕು, ಆ ಗಾಯಕ್ಕೆ ಮಳೆ ನೀರು ಇಳಿದು ಅಣಬೆ ಹಿಡಿದು ಒಳಗಿನ ಮರ ಮೆತ್ತಗಾಗಬೇಕು, ಗೆದ್ದಲು ಬರಬೇಕು, ಮರಕುಟಿಗ ಕುಟ್ಟಬೇಕು, ಅಷ್ಟೆಲ್ಲ ಆಗ್ತಿರುವಾಗ ಮರ ಮಾತ್ರ ಸಾಯದೆ ಹೊರಗಿನಿಂದ ಹಸಿರಾಗಿ ನಿಂತಿರಬೇಕು. ಇದಕ್ಕೆ ದಶಕಗಳೇ ಬೇಕು. ನಾಟಾ ಲೆಕ್ಕದಲ್ಲಿ ಆ ಮರ ಯಾವ ದಿನ ಕೆಲಸಕ್ಕೆ ಬಾರದ್ದು ಆಯ್ತೋ ಅದೇ ದಿನದಿಂದ ಕಾಡಿನ ಲೆಕ್ಕದಲ್ಲಿ ಅದು ಮನೆ ಆಯ್ತು. ಘಟ್ಟದಲ್ಲಿ ಮಾತ್ರ ಇರೋ ಕಂದು ಬಣ್ಣದ ಒಂದು ಕಾಡು ಪುನುಗುಬೆಕ್ಕಿದೆ, ರಾತ್ರಿ ಹಣ್ಣು ತಿಂದು ಬೀಜ ಹಂಚುತ್ತೆ, ಹಗಲು ಮಲಗೋದು ಇಂಥ ಪೊಟರೇಲಿ, ಬಳ್ಳಿ ಗೊಂಚಲಲ್ಲಿ, ಕೆಲವು ಸಲ ಕೆಂದಳಿಲಿನ ಗೂಡಲ್ಲಿ. ಇದನ್ನ ಓದಿದಾಗ ನಂಗೆ ತುಂಬಾ ಇಷ್ಟ ಆಯ್ತು. ಅಳಿಲು ಗೂಡು ಕಟ್ಟೋಕೆ ದೊಡ್ಡ ಮರ ಬೇಕು, ಅದೇ ಗೂಡಲ್ಲಿ ಇನ್ನೊಬ್ಬರು ಬಂದು ಮಲಗ್ತಾರೆ, ಅವರು ತಿಂದ ಹಣ್ಣಿನ ಬೀಜದಿಂದ ಮತ್ತೆ ಮರ.

ಒಂದಕ್ಕೆ ಹತ್ತು

ಈಗ ಎಲ್ಲಿ ಮರ ಕಡಿಯೋ ಮಾತು ಬಂದ್ರೂ ಅದರ ಜೊತೆಗೇ ಗಿಡ ನೆಡೋ ಮಾತು ಬರುತ್ತೆ, ಒಂದು ಕಡಿದ್ರೆ ಹತ್ತು ನೆಡ್ತೀವಿ ಅಂತ. ಹೋದ ಕಾಡಿಗೆ ಬದಲಿ ಕಾಡು ಬೆಳೆಸೋಕೆ ಅಂತ 2016ರ ಕಾಯ್ದೆ ಇದೆ, ನಿಧಿ ಇದೆ, ಎಲ್ಲಾ ಇದೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತೆ ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ನೀರನ್ನ ಸುರಂಗದಲ್ಲಿ ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ಮಾಡೋದು) ಮಾಡಬೇಕು ಅಂತ ಹೊರಟಿರೋದು, ಅದಕ್ಕೆ ನಮ್ಮ ಕಡೆ ವಿರೋಧ ಇರೋದು ನಿಮಗೆಲ್ಲ ಗೊತ್ತು. ಆ ಜಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೇ ಬರುತ್ತೆ. 2011ರಲ್ಲಿ ಅಘನಾಶಿನಿ ಕಣಿವೇಲಿ 299.52 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ ಆಯ್ತು, ಜನರ ಹಕ್ಕಿಗೆ ಧಕ್ಕೆ ಆಗದ ಹಾಗೆ, 2019ರಲ್ಲಿ ಅದನ್ನ ಹಳೇ ಶರಾವತಿ ಅಭಯಾರಣ್ಯಕ್ಕೆ ಸೇರಿಸಿ 930.16 ಚದರ ಕಿಲೋಮೀಟರ್ ಮಾಡಿ ಸಿಂಗಳೀಕದ ಹೆಸರನ್ನೇ ಇಟ್ರು. ಹೆಸರಿಟ್ಟು ಇಷ್ಟು ಬೇಗ ಅಲ್ಲೇ ಸುರಂಗದ ಮಾತು ಬಂದಿದ್ದು ನಂಗೆ ನುಂಗೋಕೆ ಆಗಿಲ್ಲ. ವಿದ್ಯುತ್ ಬೇಕು, ನಾನೂ ಬೆಂಗಳೂರಲ್ಲಿ ಕೂತು ಅದನ್ನೇ ಉರಿಸ್ತೀನಿ, ಬೇಡ ಅಂತ ಹೇಳೋ ಅಧಿಕಾರ ನಂಗೆ ಸುಲಭಕ್ಕೆ ಬರಲ್ಲ. 1964ರ ಲಿಂಗನಮಕ್ಕಿಯಿಂದ ಆ ಕಣಿವೆ ಊರೂರೇ ಮುಳುಗಿಸಿಕೊಂಡು ಕೊಟ್ಟಿದೆ. ಒಂದು ಕಣಿವೆಯಿಂದ ಎಷ್ಟು ಸಲ ಕೇಳ್ತೀವಿ ಅನ್ನೋದು ನನ್ನ ಪ್ರಶ್ನೆ.

ಅದೇ ಸೀಮೇಲಿ ಕತ್ತಲೆಕಾನು ಅಂತ ಒಂದು ಜಾಗ ಇದೆ, ಹೊನ್ನಾವರಕ್ಕೆ ಹೋಗೋ ಘಟ್ಟದ ರಸ್ತೇಲಿ ಬಸ್ಸಲ್ಲಿ ಹೋದವರು ಹೆಸರಿನ ಬೋರ್ಡ್ ನೋಡಿರ್ತೀರಿ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷಪೂರ್ತಿ ನೀರು ಜಿನುಗೋ ಜೌಗು, ಮರದ ಬೇರು ಕೆಸರಿಂದ ಮೊಣಕಾಲು ಮಡಿಚಿದ ಹಾಗೆ ಮೇಲೆದ್ದು ಮತ್ತೆ ಒಳಗೆ ಹೋಗಿರುತ್ತೆ, ಉಸಿರಾಡೋಕೆ. ಅಲ್ಲಿ ಸಿಕ್ಕಿದ ಒಂದು ಮರವನ್ನ 2000ದಲ್ಲಿ ಹೊಸ ಜಾತಿ ಅಂತ ಗುರುತಿಸಿ ಆ ಕಾನಿನ ಹೆಸರನ್ನೇ ಇಟ್ರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸ್ ಓಡಾಡೋ ರಸ್ತೆ ಪಕ್ಕದಲ್ಲಿ, ಇಪ್ಪತ್ತನೇ ಶತಮಾನ ಮುಗಿಯೋ ತನಕ ಹೆಸರೇ ಇಲ್ಲದೆ ನಿಂತಿದ್ದ ಮರ ಅದು. ಹೀಗಿರುವಾಗ ಅದನ್ನ ಕಡಿದ್ರೆ ಬದಲಿಗೆ ಯಾವ ಗಿಡ ನೆಡ್ತೀವಿ, ಯಾವ ನರ್ಸರಿಯಿಂದ ತರ್ತೀವಿ? ತಂದ್ರೂ ಜೌಗು ಎಲ್ಲಿಂದ ತರೋದು?

ನಾನು ಗಿಡ ನೆಡೋದರ ವಿರೋಧಿ ಅಲ್ಲ. ನಮ್ಮ ಬೆಟ್ಟದಲ್ಲೇ ಪ್ರತಿ ವರ್ಷ ಉಪ್ಪಾಗೆ, ಹೆಬ್ಬಲಸು ಬೀಜ ಹಾಕಿ ಬರ್ತೀವಿ. ಹದಿನೇಳು ವರ್ಷದ ಹಿಂದೆ ನಾನೇ ಹಾಕಿದ ಹೆಬ್ಬಲಸು ಈಗ ನನ್ನ ತೊಡೆ ದಪ್ಪ ಆಗಿದೆ, ಅದನ್ನ ನೋಡಿದ್ರೆ ಹೊಟ್ಟೆ ತುಂಬುತ್ತೆ. ಆದ್ರೆ ಅದರಲ್ಲಿ ಒಂದು ಕೊಂಬೆ ಮುರಿದು ಪೊಟರೆಯಾಗಿ ಅದರ ಹೊಸ್ತಿಲು ಸವೆಯೋದನ್ನ ನಾನು ನೋಡಲ್ಲ, ನನ್ನ ಮಗಳೂ ನೋಡಲ್ಲ. ಈ ನಡುವಿನ ನೂರು ವರ್ಷ ಸಿಂಗಳೀಕ ಎಲ್ಲಿ ಕಾಯಬೇಕು ಅನ್ನೋದಕ್ಕೆ ಒಂದಕ್ಕೆ ಹತ್ತು ಅನ್ನೋ ಲೆಕ್ಕದಲ್ಲಿ ಜಾಗಾನೇ ಇಲ್ಲ. ಹತ್ತು ಬೇಡ, ನೂರು ನೆಟ್ರೂ ಮರಿಗಳಿಗೆ ಈ ಮಳೆಗಾಲದ ಊಟ ಆಗಬೇಕಲ್ಲ. ಅಕೇಶಿಯಾನೂ ಆ ಲೆಕ್ಕದಲ್ಲಿ ಗಿಡವೇ, ಮತ್ತೆ ಮೊಬೈಲಲ್ಲಿ ಅದೂ ಅದೇ ಹಸಿರು.

ಹೋದ ವಾರ ಊರಿಗೆ ಫೋನ್ ಮಾಡಿದ್ದೆ. ದೊಡ್ಡಪ್ಪಂಗೆ ಈಗ ಎಪ್ಪತ್ತೆಂಟು, ಕಾನಿಗೆ ಹೋಗೋದು ಕಮ್ಮಿ, ಹಳ್ಳದ ದಂಡೆ ತನಕ ಮಾತ್ರ ಕೊಡೆ ಊರ್ಕೊಂಡು ಹೋಗ್ತಾನೆ. ಮಳೆ ಹೇಗಿದೆ, ಕೊಳೆ ಔಷಧಿ ಹೊಡೆದಾಯ್ತಾ, ಆಯಿ ಮಂಡಿ ನೋವು ಹೇಗಿದೆ ಎಲ್ಲಾ ಮಾತಾಡಿ ಆದ್ಮೇಲೆ ಕೇಳಿದೆ, ಉಪ್ಪಾಗೆಗೆ ಬಂಜಾ ದೊಡ್ಡಪ್ಪಾ ಅಂತ. ಯಾವುದು ಬಂದಿದೆಯಾ ಅಂತ ನಾನೂ ಹೇಳ್ಲಿಲ್ಲ, ಅವನೂ ಕೇಳ್ಲಿಲ್ಲ.

“ಬಂಜು. ಮೊನ್ನೆ ಮಧ್ಯಾಹ್ನ. ಹದಿನೇಳರ ತನಕ ಎಣಿಸ್ದೆ, ಎರಡು ಮರಿ ಇತ್ತು. ಆಮೇಲೆ ಮಳೆ ಜೋರಾತು, ಪೂರ್ತಿ ಎಣಿಸಲೆ ಆಜಿಲ್ಲೆ.”